ಕೀಟನಾಶಕದ ಎಣ್ಣೆ ಡಬ್ಬಿಗೆ ಬಣ್ಣ ಇದೆ, ಕರಾರು ಪತ್ರಕ್ಕೆ ಯಾಕಿಲ್ಲ?

ಹಾವೇರಿ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕೃಷಿ ಮತ್ತು ತೋಟಗಾರಿಕೆ ಇಲಾಖೆಯ ಅಧಿಕಾರಿಗಳಿಗೆ, ಹಾಗೆಯೇ ಬೀಜದ ಪ್ಲಾಟ್ ಮಾಡುವ ನಮ್ಮ ಭಾಗದ ಎಲ್ಲ ರೈತರಿಗೆ,

ನಮಸ್ಕಾರ.

ರಾಣೆಬೆನ್ನೂರಿನಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಝೆರಾಕ್ಸ್, ಲ್ಯಾಮಿನೇಶನ್, ಬಾಂಡ್ ಪೇಪರ್ ಮೇಲೆ ಟೈಪಿಂಗ್. ಮನೆ ಬಾಡಿಗೆ ಕರಾರು, ಹೊಲದ ಲಾವಣಿ (ಗೇಣಿ) ಕರಾರು, ಕೈಗಡದ ಪತ್ರ, ಅಫಿಡವಿಟ್ಟು, ಎಲ್ಲ ನನ್ನ ಕೈಯಿಂದಲೇ ಹೋಗುತ್ತವೆ. ನಾನು ಅತಿ ಹೆಚ್ಚು ಸಲ ಹೊಡೆದಿರುವ ಸಾಲು ಯಾವುದು ಅಂತ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತೇನೆ: "ಮೇಲ್ಕಂಡ ಎಲ್ಲಾ ಷರತ್ತುಗಳನ್ನು ಓದಿಸಿ ಕೇಳಿ, ತಿಳಿದು, ಸ್ವಸಂತೋಷದಿಂದ ಸಹಿ ಮಾಡಿರುತ್ತೇನೆ."

ಹೋದ ವರ್ಷ ಮುಂಗಾರಿಗೆ ಮುಂಚೆ ನಮ್ಮ ಕಾಕಾ ಹದಿನಾಲ್ಕು ಪುಟದ ಒಂದು ಇಂಗ್ಲಿಷ್ ಕರಾರು ಹಿಡಿದುಕೊಂಡು ಬಂದರು. ಟೊಮೆಟೊ ಹೈಬ್ರಿಡ್ ಬೀಜ ಬೆಳೆದುಕೊಡುವ ಕರಾರು. "ತಮ್ಮಾ, ಎರಡು ಝೆರಾಕ್ಸ್ ತಗಿ. ಕೆಳಗ ಕನ್ನಡದಾಗ ಅದೊಂದು ಸಾಲು ಹೊಡಿ ಅಂತ ಆರ್ಗನೈಸರ್ ಹೇಳ್ಯಾರ" ಅಂದರು. (ಆರ್ಗನೈಸರ್ ಅಂದರೆ ಕಂಪನಿಗೂ ರೈತರಿಗೂ ನಡುವೆ ನಿಂತು ಪ್ಲಾಟ್ ಮಾಡಿಸುವವರು.) ಹೊಡೆದುಕೊಟ್ಟೆ. ಹದಿನಾಲ್ಕು ಪುಟದಲ್ಲಿ ಕನ್ನಡ ಅಂತ ಇದ್ದದ್ದು ಅದೊಂದೇ ಸಾಲು, ಅದೂ ನನ್ನದು. ಕಾಕಾ ಸಹಿ ಹಾಕಿದರು, ಚಹಾ ಕುಡಿದರು, ಹೋದರು. ಓದಿಸಿ ಕೇಳಿದವರು ಯಾರೂ ಇರಲಿಲ್ಲ. ಓದಬೇಕಾಗಿದ್ದವನು ನಾನೇ, ನಾನೂ ಓದಲಿಲ್ಲ.

ಬೀಜದ ಪ್ಲಾಟ್ ಅಂದರೇನು ಅಂತ ನಮ್ಮ ತಾಲೂಕಿನವರಿಗೆ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. ಕಂಪನಿ ಹೆಣ್ಣು ಗಿಡದ ಬೀಜ, ಗಂಡು ಗಿಡದ ಬೀಜ ಎರಡನ್ನೂ ಕೊಡುತ್ತದೆ. ನೆಟ್ ಹೌಸಿನಲ್ಲಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬೆಳೆಸಬೇಕು. ಹೆಣ್ಣು ಸಾಲಿನ ಮೊಗ್ಗು ಅರಳುವ ಮುಂಚೆಯೇ ಚಿಮಟದಿಂದ ಬಿಡಿಸಿ, ಒಳಗಿನ ಹಳದಿ ಕೇಸರ ಕಿತ್ತು ಹಾಕಬೇಕು. ಮರುದಿನ ಬೆಳಿಗ್ಗೆ ಗಂಡು ಹೂವಿನ ಪುಡಿ ತಂದು ಮುಟ್ಟಿಸಬೇಕು. ಮುಟ್ಟಿಸಿದ ಹೂ ಯಾವುದು ಅಂತ ಗೊತ್ತಾಗಲು ಬುಡದ ಹಸಿರು ಎಸಳು ಎರಡನ್ನು ಚಿವುಟಬೇಕು. ಹೀಗೆ ಒಂದೊಂದೇ ಹೂ, ಸಾವಿರಗಟ್ಟಲೆ. ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಬಹುತೇಕ ಹೆಣ್ಣುಮಕ್ಕಳೇ ಮಾಡುತ್ತಾರೆ. ನಮ್ಮ ಚಿಗವ್ವ ಒಂದೂವರೆ ತಿಂಗಳು ಬೆಳಿಗ್ಗೆ ಆರಕ್ಕೆ ನೆಟ್ ಒಳಗೆ ಹೋದರೆ ಮಧ್ಯಾಹ್ನದ ಊಟವೂ ಅಲ್ಲೇ. ಕೂಲಿ ಹೆಣ್ಣುಮಕ್ಕಳಿಗೆ ವಾರವಾರ ಪಗಾರ ಕೊಡಲು ಕಾಕಾ ಎರಡು ಕಡೆ ಸಾಲ ಮಾಡಿದರು.

ಡಿಸೆಂಬರಿನಲ್ಲಿ ಬೀಜ ಒಪ್ಪಿಸಿದರು. ಏಪ್ರಿಲ್ ಕೊನೆಗೆ ಫೋನ್ ಬಂತು. ಜಿಒಟಿ ಫೇಲ್.

ಜಿಒಟಿ (ಗ್ರೋ ಔಟ್ ಟೆಸ್ಟ್) ಅಂದರೆ ಮಾದರಿ ಬೀಜವನ್ನು ಬಿತ್ತಿ, ಗಿಡ ಬೆಳೆಸಿ, ಜಾತಿಗೆ ಹೊಂದದ ಗಿಡ ಎಷ್ಟಿವೆ ಎಂದು ಎಣಿಸುವುದು. ಜಾಸ್ತಿ ಇದ್ದರೆ ಬೀಜ ರಿಜೆಕ್ಟ್, ದುಡ್ಡೂ ಇಲ್ಲ. ಕಾಕಾ ಅಂಗಡಿಗೆ ಬಂದು ಸ್ಟೂಲ್ ಮೇಲೆ ಕೂತು ಕೇಳಿದ್ದು ಒಂದೇ ಮಾತು: "ಅದರಾಗ ಏನ್ ಬರದಿತ್ತೋ ತಮ್ಮಾ?"

ಅವತ್ತು ರಾತ್ರಿ ಹದಿನಾಲ್ಕೂ ಪುಟ ಓದಿದೆ. ಎರಡು ಸಲ ಓದಿದೆ. ನಿಜ ಹೇಳಬೇಕೆಂದರೆ, ಏನೂ ತಿಳಿಯಲಿಲ್ಲ. ಒಂದೊಂದು ವಾಕ್ಯವೂ ಬಿಡಿಬಿಡಿಯಾಗಿ ಸರಿ ಅನಿಸುತ್ತಿತ್ತು. ವಕೀಲ ಗೆಳೆಯನೊಬ್ಬನಿಗೆ ತೋರಿಸಿದೆ. "ಎಲ್ಲಾ ಸ್ಟ್ಯಾಂಡರ್ಡ್ ಐತಿ ಬಿಡಪಾ" ಅಂದ. ಈ ಸ್ಟ್ಯಾಂಡರ್ಡ್ ಅನ್ನೋ ಮಾತಿಗೆ ಹೆದರಬೇಕು. ಎಲ್ಲರಿಗೂ ಒಂದೇ ಥರ ಅನ್ಯಾಯ ಆದರೂ ಅದನ್ನು ಸ್ಟ್ಯಾಂಡರ್ಡ್ ಅಂತಲೇ ಕರೆಯುತ್ತಾರೆ.

ಆಮೇಲೆ ಮಗಳ ಸ್ಕೆಚ್ ಪೆನ್ ಡಬ್ಬಿ ತೆಗೆದುಕೊಂಡೆ. ಈ ಪತ್ರ ಬರೆಯುತ್ತಿರುವುದೇ ಅಲ್ಲಿಂದ ಮುಂದೆ ಆದದ್ದನ್ನು ಹೇಳಲು.

ಮೊದಲು ಮಾಡಿದ್ದು ಬಹಳ ಸರಳ. ಇಂಗ್ಲಿಷ್ ಕರಾರಿನಲ್ಲಿ "ಶಲ್" ಅಂದರೆ ಮಾಡಲೇಬೇಕು. "ಮೇ" ಅಂದರೆ ಬೇಕಾದರೆ ಮಾಡಬಹುದು. ಶಲ್ ಇದ್ದಲ್ಲೆಲ್ಲ ಕೆಂಪು, ಮೇ ಇದ್ದಲ್ಲೆಲ್ಲ ಹಸಿರು ಹಚ್ಚಿದೆ. ಹಚ್ಚಿ ಪುಟಗಳನ್ನೆಲ್ಲ ನೆಲದ ಮೇಲೆ ಹಾಸಿದೆ. ಕೆಂಪು ಪೂರ್ತಿ ಬೆಳೆಗಾರನ ಹೆಸರಿನ ಪಕ್ಕ. ಹಸಿರು ಪೂರ್ತಿ ಕಂಪನಿಯ ಹೆಸರಿನ ಪಕ್ಕ. ಬೆಳೆಗಾರ ಮಾಡತಕ್ಕದ್ದು, ಕಂಪನಿ ಮಾಡಬಹುದು. ಎರಡು ಸಲ ಓದಿದರೂ ಕಾಣದ್ದು ನಿಂತು ನೋಡಿದರೆ ಕಾಣುತ್ತಿತ್ತು.

ಎರಡನೆಯದು ತಿಂಗಳ ಪಟ್ಟಿ. ಹಳೆ ಕ್ಯಾಲೆಂಡರಿನ ಹಿಂಬದಿಗೆ ಜೂನ್‌ನಿಂದ ಮುಂದಿನ ಜೂನ್ ತನಕ ಮನೆ ಹಾಕಿದೆ. ಮೇಲಿನ ಸಾಲಿನಲ್ಲಿ ಕಾಕಾನ ಕೈಯಿಂದ ದುಡ್ಡು ಹೋಗುವ ತಿಂಗಳು, ಕೆಳಗಿನ ಸಾಲಿನಲ್ಲಿ ಕಂಪನಿಯಿಂದ ಬರುವ ತಿಂಗಳು. ಕಾಕಾನ ಸಾಲು ಜೂನ್‌ನಿಂದ ನವೆಂಬರ್ ತನಕ ತುಂಬಿ ತುಳುಕಿತು. ಕಂಪನಿಯ ಸಾಲಿನಲ್ಲಿ ಮೊದಲಿಗೆ ಸ್ವಲ್ಪ ಅಡ್ವಾನ್ಸ್, ಆಮೇಲೆ ಖಾಲಿ. ಹಣ ಯಾವಾಗ ಅಂತ ಹುಡುಕಿದರೆ "ಪರೀಕ್ಷೆಯ ಫಲಿತಾಂಶ ಬಂದ 45 ದಿನದೊಳಗೆ" ಎಂದಿತ್ತು. ಓದುವಾಗ ಇದು ಎಷ್ಟು ಚೆಂದ ಕಾಣುತ್ತದೆ ನೋಡಿ, ಗಡುವು ಹಾಕಿದ್ದಾರಲ್ಲ ಅಂತ. ಪಟ್ಟಿಯಲ್ಲಿ ಬರೆಯಲು ಹೋದಾಗ ಪೆನ್ನು ನಿಂತಿತು. ಫಲಿತಾಂಶ ಬರುವುದು ಯಾವಾಗ? ಅದಕ್ಕೆ ದಿನಾಂಕವೇ ಇಲ್ಲ. 45 ದಿನವನ್ನು ಯಾವ ಮನೆಯಿಂದ ಎಣಿಸಬೇಕು? ಕರಾರಿನಲ್ಲಿ ಇರುವುದನ್ನು ಓದಿ ತಿಳಿಯಬಹುದು. ಇಲ್ಲದ್ದನ್ನು ಓದಲು ಬರುವುದಿಲ್ಲ. ಖಾಲಿ ಮನೆ ಇರುವ ಪಟ್ಟಿಯಲ್ಲಿ ಮಾತ್ರ ಅದು ಕಾಣುತ್ತದೆ.

ಮೂರನೆಯದು "ಒಂದು ವೇಳೆ" ಗಿಡ. ಒಂದು ವೇಳೆ ಮಳೆ ಗಾಳಿಗೆ ನೆಟ್ ಹರಿದರೆ ನಷ್ಟ ಯಾರಿಗೆ? ರೋಗ ಬಂದರೆ? ಬೀಜ ಮೊಳಕೆ ಒಡೆಯದಿದ್ದರೆ? ಪೇಟೆಯಲ್ಲಿ ಆ ತಳಿಗೆ ಬೇಡಿಕೆ ಬಿದ್ದರೆ? ಕಂಪನಿ ಕೊಟ್ಟ ಮೂಲ ಬೀಜವೇ ಕಲಬೆರಕೆ ಆಗಿದ್ದರೆ? ಒಂದೊಂದಕ್ಕೂ ಒಂದು ಕೊಂಬೆ, ತುದಿಗೆ ಒಂದು ಎಲೆ. ನಷ್ಟ ನಮಗೆ ಅಂದರೆ ಕೆಂಪು ಎಲೆ, ಕಂಪನಿಗೆ ಅಂದರೆ ನೀಲಿ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಎಲ್ಲ ಎಲೆಯೂ ಕೆಂಪಾಗಲಿಲ್ಲ. ಪೇಟೆ ದರ ಬಿದ್ದರೆ ನಷ್ಟ ಕಂಪನಿಯದೇ, ಯಾಕೆಂದರೆ ಕಿಲೋಗೆ ಇಷ್ಟು ಅಂತ ಮೊದಲೇ ಕಟ್ಟಿದ್ದಾರೆ. ಮಾಮೂಲಿ ಟೊಮೆಟೊ ಬೆಳೆದು ದರ ಬೀಳುತ್ತಲೇ ರಸ್ತೆಗೆ ಸುರಿದವರನ್ನು ಕಂಡಿರುವ ನಮಗೆ ಇದು ಸಣ್ಣ ಮಾತಲ್ಲ. ಗಂಡು ಗಿಡದ ಬೀಜವನ್ನು ಹೊರಗೆ ಯಾರಿಗೂ ಕೊಡಬಾರದು ಅನ್ನುವ ಷರತ್ತು ಬಿಗಿಯಾಗಿದೆ, ಆದರೆ ನ್ಯಾಯವಾಗಿದೆ. ಅದು ಅವರ ವರ್ಷಗಟ್ಟಲೆ ದುಡಿಮೆ. ನಮ್ಮ ಭಾವ ಸಿಟ್ಟಿನಲ್ಲಿ "ಪೂರಾ ಕರಾರೇ ಮೋಸ" ಅನ್ನುತ್ತಿದ್ದರು. ಚಿತ್ರ ಬಿಡಿಸಿದ ಮೇಲೆ ಹಾಗನ್ನಲು ಬರಲಿಲ್ಲ. ಮೋಸ ಎಲ್ಲಿ ಇದೆ, ಎಲ್ಲಿ ಇಲ್ಲ ಅನ್ನುವುದು ಬೇರೆ ಬೇರೆ ಆಯಿತು.

ಮೋಸ ಇದ್ದದ್ದು ಮುಖ್ಯವಾಗಿ ಒಂದು ಎಲೆಯಲ್ಲಿ. ಮೂಲ ಬೀಜ ಕಲಬೆರಕೆ ಆಗಿದ್ದರೂ ಹೊಣೆ ಬೆಳೆಗಾರನದೇ. ಪರೀಕ್ಷೆ ಮಾಡುವುದು ಕಂಪನಿಯ ಲ್ಯಾಬ್. ಅದರ ವರದಿಯೇ ಅಂತಿಮ. ನಮಗೆ ಮಾದರಿ ಕೊಡುವ ಮಾತಿಲ್ಲ.

ಬೀಜ ಫೇಲ್ ಆಗಲು ಕಾರಣ ಬೇರೆ ಬೇರೆ ಇರುತ್ತವೆ. ಕೇಸರ ಕೀಳುವುದು ತಪ್ಪಿ ಹೂ ತನ್ನ ಪುಡಿಯಿಂದಲೇ ಕಾಯಿ ಕಟ್ಟಿದರೆ, ಪರೀಕ್ಷೆಯಲ್ಲಿ ಬರುವ ಗಿಡ ತಾಯಿ ಗಿಡದ ಹಾಗೇ ಇರುತ್ತದೆ. ಅದು ನಮ್ಮ ತಪ್ಪು, ಒಪ್ಪಿಕೊಳ್ಳಬೇಕು. ತಾಯಿಯ ಹಾಗೂ ಇಲ್ಲ, ಹೈಬ್ರಿಡ್ ಹಾಗೂ ಇಲ್ಲ ಅನ್ನುವ ಗಿಡ ಬಂದರೆ? ಹೊರಗಿನ ಪುಡಿ ಬಂತೋ, ಮೂಲ ಬೀಜದಲ್ಲೇ ಬೆರಕೆ ಇತ್ತೋ ಅಂತ ನೋಡಬೇಕಾಗುತ್ತದೆ. ನೋಡಲು ನಮ್ಮ ಕೈಯಲ್ಲಿ ಒಂದು ಹಿಡಿ ಬೀಜವಾದರೂ ಬೇಡವೇ? 1966ರ ಬೀಜ ಕಾಯ್ದೆಯ ಪ್ರಕಾರ ಇನ್‌ಸ್ಪೆಕ್ಟರ್ ಅಂಗಡಿಯಿಂದ ಬೀಜದ ಮಾದರಿ ತೆಗೆದರೆ ಮೂರು ಪಾಲು ಮಾಡುತ್ತಾರೆ. ಒಂದು ಯಾರಿಂದ ತೆಗೆದರೋ ಅವರಿಗೇ, ಒಂದು ಪರೀಕ್ಷೆಗೆ, ಒಂದು ಮುಂದೆ ತಕರಾರು ಬಂದರೆ ಅಂತ ಎತ್ತಿಡಲು. ಬೀಜ ಮಾರುವವರಿಗೆ ಸಿಗುವ ಈ ಮರ್ಯಾದೆ ಬೀಜ ಬೆಳೆಯುವವರಿಗೆ ಯಾಕೆ ಬೇಡ?

ಚಿತ್ರದಿಂದಲೂ ಮೋಸ ಆಗುತ್ತದೆ. ಮೊದಲು ನಾನೂ ಎಡವಿದೆ. ಕೆಂಪು ಎಷ್ಟು, ನೀಲಿ ಎಷ್ಟು ಅಂತ ಎಲೆ ಎಣಿಸಿ ಕೂತಿದ್ದೆ. ಆದರೆ ಹತ್ತು ನೀಲಿ ಎಲೆಯನ್ನು ಒಂದೇ ಕೆಂಪು ಎಲೆ ತಿಂದು ಹಾಕಬಹುದು. ಹಾಗಾಗಿ ಎಲೆ ಬಿಟ್ಟು ವೃತ್ತ ಹಾಕಿದೆ. ಎಷ್ಟು ರೂಪಾಯಿ ಹೋಗಬಹುದೋ ಅಷ್ಟು ದೊಡ್ಡ ವೃತ್ತ. ಸಣ್ಣದಕ್ಕೆ ರೂಪಾಯಿ ನಾಣ್ಯ ಇಟ್ಟು ಗೆರೆ ಎಳೆದೆ, ನಡುವಿನದಕ್ಕೆ ಹೆಂಡತಿಯ ಬಳೆ. ಮೂಲ ಬೀಜದ ಷರತ್ತಿಗೆ ಊಟದ ತಾಟು ಬೇಕಾಯಿತು, ಅದೂ ಹಾಳೆಯಿಂದ ಹೊರಗೆ ಹೋಯಿತು. ಮಗಳು ಬಿದ್ದು ಬಿದ್ದು ನಕ್ಕಳು. ಪಕ್ಕದಲ್ಲಿ ಕೂತಿದ್ದ ಕಾಕಾ ನಗಲಿಲ್ಲ.

ಇನ್ನೊಂದು ಚಿತ್ರ ಬರೀ ಎರಡು ಗೆರೆ. ಕರಾರಿನ ಕೊನೆಯ ಪುಟದಲ್ಲಿ, ತಕರಾರು ಬಂದರೆ ಕಂಪನಿಯ ಊರಿನ ಕೋರ್ಟಿಗೇ ಹೋಗಬೇಕು ಎಂದಿತ್ತು. ಆ ಊರು ಬೇರೆ ರಾಜ್ಯದಲ್ಲಿದೆ. ನಕ್ಷೆಯ ಮೇಲೆ ರಾಣೆಬೆನ್ನೂರಿನಿಂದ ಧಾರವಾಡಕ್ಕೆ ಒಂದು ಗೆರೆ, ಕಂಪನಿಯ ಊರಿಗೆ ಇನ್ನೊಂದು ಗೆರೆ ಎಳೆದೆ. ಧಾರವಾಡಕ್ಕೆ ಹೈಕೋರ್ಟ್ ಪೀಠ ಬರಲಿ ಅಂತ ನಮ್ಮ ಕಡೆಯ ವಕೀಲರು, ಜನರು ಎಷ್ಟು ವರ್ಷ ಹೋರಾಡಿದರು ಅನ್ನುವುದು ನಿಮಗೆ ಗೊತ್ತು. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ನ್ಯಾಯಕ್ಕಾಗಿ ಬೆಂಗಳೂರಿಗೆ ಹೋಗುವುದು ದೂರ ಅಂತ ಪಡೆದದ್ದು ಅದು. ಹದಿನಾಲ್ಕನೇ ಪುಟದ ಒಂದೂವರೆ ಸಾಲು ಅದಕ್ಕಿಂತ ದೂರ ಕಳಿಸುತ್ತದೆ.

ಈ ಹಾಳೆಗಳನ್ನು ಆರ್ಗನೈಸರ್ ಅವರಿಗೆ ತೋರಿಸಿದೆ. ಜಗಳ ಆಗುತ್ತದೆ ಅಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ "ಅಣ್ಣಾರ, ಇದರಾಗ ನನ್ನ ಸಾಲು ಎಲ್ಲೈತಿ?" ಅಂದರು. ನಿಜ, ಇರಲಿಲ್ಲ. ಸಸಿ ತಂದುಕೊಟ್ಟವರು ಅವರು, ಅಡ್ವಾನ್ಸ್ ಎಣಿಸಿದವರು ಅವರು, ಫೇಲ್ ಅಂತ ಫೋನ್ ಮಾಡಿದವರೂ ಅವರೇ. ಕರಾರಿನಲ್ಲಿ ಮಾತ್ರ ಅವರ ಹೆಸರೇ ಇಲ್ಲ. ಬೀಜ ಪಾಸಾದರಷ್ಟೇ ಅವರಿಗೂ ಕಮಿಷನ್. ಅವರಿಗೊಂದು ಸಾಲು ಹಾಕಿದ ಮೇಲೆ ಅವರ ಸಾಲೂ ನವೆಂಬರಿನಿಂದ ಆಚೆ ಖಾಲಿಯೇ ಇತ್ತು. ಅವತ್ತಿನಿಂದ ಅವರ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು.

ನ್ಯಾಯವಲ್ಲದ ಕರಾರನ್ನು ಕಾನೂನು ಗುರುತಿಸಿಲ್ಲ ಅಂತೇನಿಲ್ಲ. ಕಾನೂನು ಆಯೋಗ 1984ರಲ್ಲಿ ಒಮ್ಮೆ, 2006ರಲ್ಲಿ ಇನ್ನೊಮ್ಮೆ ಇದರ ಮೇಲೆ ವರದಿ ಕೊಟ್ಟಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ "ನ್ಯಾಯಸಮ್ಮತವಲ್ಲದ ಕರಾರು" ಯಾವುದು ಅಂತ ಬಿಡಿಸಿ ಬರೆದಿದ್ದಾರೆ. ಅತಿಯಾದ ಠೇವಣಿ, ತಪ್ಪಿಗಿಂತ ದೊಡ್ಡ ದಂಡ, ಕಾರಣ ಹೇಳದೆ ಒಬ್ಬರೇ ಕರಾರು ಮುರಿಯುವ ಹಕ್ಕು, ಇಂಥವೆಲ್ಲ ಅದರಲ್ಲಿವೆ. ಬೀಜ ಬೆಳೆದು ಕಂಪನಿಗೇ ವಾಪಸ್ ಕೊಡುವ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಆದರೆ ಕರಾರೇ ನ್ಯಾಯವಲ್ಲ ಅಂತ ದೂರು ಕೊಡಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಆಗುವುದಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಹತ್ತು ಗುಂಟೆ ನೆಟ್ ಹೌಸಿನ ಕಾಕಾ ಹೋಗುತ್ತಾರಾ? ಅದೂ ಎಲ್ಲ ಮುಗಿದ ಮೇಲಿನ ಮಾತು. ನಾನು ಕೇಳುತ್ತಿರುವುದು ಸಹಿ ಹಾಕುವ ಮುಂಚಿನದು.

ಈಗ ಎಣ್ಣೆ ಡಬ್ಬಿಯ ವಿಷಯ. ನಾವು ಹೊಡೆಯುವ ಪ್ರತಿ ಕೀಟನಾಶಕದ ಡಬ್ಬಿಯ ಮೇಲೂ ಮೂಲೆ ಮೇಲಾಗಿ ನಿಲ್ಲಿಸಿದ ಒಂದು ಚೌಕ ಇರುತ್ತದೆ, ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಅಂದರೆ ಎಲ್ಲಕ್ಕಿಂತ ಘೋರ ವಿಷ, ಅದರ ನಂತರ ಹಳದಿ, ನೀಲಿ, ಕೊನೆಗೆ ಹಸಿರು. 1971ರ ಕೀಟನಾಶಕ ನಿಯಮಗಳು ತಂದದ್ದು ಇದು. ಶಾಲೆ ಮೆಟ್ಟಿಲು ಹತ್ತದವರಿಗೂ ಕೆಂಪು ಚೌಕ ಕಂಡರೆ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡಬೇಕು ಅಂತ ಗೊತ್ತು. ಅದರೊಳಗಿನ ಕೆಮಿಕಲ್ ಹೆಸರು ಓದಲು ನನಗೂ ಬರುವುದಿಲ್ಲ. ಪಕ್ಕದ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡಿ ದರ ಕಟ್ಟುತ್ತಾರೆ. ಬಣ್ಣ ನೋಡಿ ತೂಗುವುದು ನಮ್ಮ ಜಿಲ್ಲೆಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಸಾಲದ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಆಗಲೇ ಮಾಡಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಸಾಲಗಳಿಗೆ ಮುಖ್ಯ ಸಂಗತಿಗಳ ಪಟ್ಟಿ ಕೊಡುವುದು ಕಡ್ಡಾಯ. ಬಡ್ಡಿ, ಚಾರ್ಜು ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅಂತ ಅದರಲ್ಲಿರಬೇಕು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಯೋಚಿಸಲು ಕಡಿಮೆ ಅಂದರೂ ಮೂರು ಕೆಲಸದ ದಿನ ಕೊಡಬೇಕು (ವಾರದೊಳಗೆ ತೀರುವ ಸಣ್ಣ ಸಾಲ ಬಿಟ್ಟು). ಪಟ್ಟಿಯಲ್ಲಿ ಬರೆಯದ ಚಾರ್ಜನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ದೂರದ ದಕ್ಷಿಣ ಆಫ್ರಿಕಾದಲ್ಲಿ ರಾಬರ್ಟ್ ಡಿ ರೂಯ್ ಎಂಬ ವಕೀಲರು ಹಣ್ಣು ಕೀಳುವ ಕೂಲಿಗಳಿಗಾಗಿ ಇಡೀ ಕರಾರನ್ನೇ ಚಿತ್ರಕಥೆಯ ಹಾಗೆ ಬರೆಸಿದರು. ಕೂಲಿಗಳು ಸಹಿ ಹಾಕಿದ್ದು ಆ ಚಿತ್ರಗಳಿಗೇ. ಅಷ್ಟು ದೂರ ಹೋಗಬೇಕು ಅಂತ ನಾನು ಹೇಳುತ್ತಿಲ್ಲ. ಒಂದು ಪುಟ ಸಾಕು.

ಕಾಯ್ದೆ ಮಾಡುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ಸಭೆ ಕರೆಯುವುದು ನಿಮ್ಮ ಕೈಯಲ್ಲಿದೆ. ಜಿಲ್ಲೆಯಲ್ಲಿ ಬೀಜ ಬೆಳೆಸುವ ಕಂಪನಿಗಳನ್ನು, ಆರ್ಗನೈಸರ್‌ಗಳನ್ನು, ರೈತರನ್ನು ಒಂದು ದಿನ ಕೂರಿಸಿ. ಕೂಲಿ ಹೆಣ್ಣುಮಕ್ಕಳಲ್ಲೂ ನಾಲ್ಕು ಜನ ಇರಲಿ, ನೆಟ್ ಒಳಗೆ ಏನಾಗುತ್ತದೆ ಅಂತ ಅವರಷ್ಟು ಗೊತ್ತಿರುವವರು ಬೇರೆ ಇಲ್ಲ. ಪ್ರತಿ ಕರಾರಿನ ಮೇಲೆ ಕನ್ನಡದ ಒಂದು ಪುಟ ಬರಲಿ. ಅದರಲ್ಲಿ ತಿಂಗಳ ಪಟ್ಟಿ ಇರಲಿ, ಖಾಲಿ ಮನೆ ಇದ್ದರೆ ಖಾಲಿ ಅಂತಲೇ ಕಾಣಲಿ. "ಒಂದು ವೇಳೆ" ಗಿಡ ಇರಲಿ. ಮಾದರಿ ಬೀಜದ ಮೂರು ಪೊಟ್ಟಣ ಯಾರ ಯಾರ ಹತ್ತಿರ ಇರುತ್ತವೆ ಅನ್ನುವ ಚಿತ್ರ ಇರಲಿ. ಸಹಿಗಿಂತ ಮೂರು ದಿನ ಮುಂಚೆ ರೈತನ ಕೈಗೆ ಸಿಗಲಿ.

ನಮೂನೆಯನ್ನು ಕಂಪನಿಗಳ ಕೈಗೆ ಮಾತ್ರ ಬಿಡಬೇಡಿ. ಬಿಟ್ಟರೆ ಎಲೆಗಳೆಲ್ಲ ನೀಲಿಯಾಗಿ ಬರುತ್ತವೆ, ಮೇಲೆ ನಗುವ ರೈತನ ಫೋಟೊ ಬೇರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದೆ, ಹುಬ್ಬಳ್ಳಿಯ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ ಇದೆ. ಬೀಜ ಗೊತ್ತಿರುವವರು, ಕಾನೂನು ಗೊತ್ತಿರುವವರು ಎರಡೂ ಕಡೆಯಿಂದ ಬಂದು ಒಂದು ವಾರ ನಮ್ಮ ಹಳ್ಳಿಗಳಲ್ಲಿ ಕೂತರೆ ನಮೂನೆ ಆಗುತ್ತದೆ. ಚಿತ್ರಕ್ಕೂ ಇಂಗ್ಲಿಷ್ ಬರಹಕ್ಕೂ ಹೊಂದದಿದ್ದರೆ ರೈತನಿಗೆ ಅನುಕೂಲವಾಗುವ ಅರ್ಥವೇ ನಡೆಯುತ್ತದೆ ಅಂತ ಅದೇ ಪುಟದಲ್ಲಿ ಬರೆಸಿ. ಇದೇನು ದೊಡ್ಡ ಕ್ರಾಂತಿಯಲ್ಲ. ಎರಡು ಅರ್ಥ ಬರುವ ಮಾತನ್ನು ಬರೆದವನಿಗೆ ವಿರುದ್ಧವಾಗಿ ಓದುವುದು ಕೋರ್ಟುಗಳಲ್ಲಿ ಹಳೆಯ ರೂಢಿ. ಆಮೇಲೆ ಆ ನಮೂನೆಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ಅಂಟಿಸಿ. ಪುಟ ಕೊಡದ ಕಂಪನಿ ಯಾವುದು ಅಂತ ರೈತರೇ ಕೇಳಲು ಶುರು ಮಾಡುತ್ತಾರೆ.

"ಇಷ್ಟೆಲ್ಲ ಕೇಳಿದರೆ ಕಂಪನಿಗಳು ಬೇರೆ ಜಿಲ್ಲೆಗೆ ಹೋಗುತ್ತವೆ" ಅಂತ ಹೇಳುವವರಿದ್ದಾರೆ. ನಮ್ಮ ಕಾಕಾಗೂ ಅದೇ ಹೆದರಿಕೆ. ಆದರೆ ಸಾವಿರಗಟ್ಟಲೆ ಹೂವಿನ ಕೇಸರವನ್ನು ಹೂ ಹರಿಯದ ಹಾಗೆ ಕೀಳುವ ಬೆರಳು ಒಂದು ವರ್ಷದಲ್ಲಿ ತಯಾರಾಗುವುದಿಲ್ಲ. ಅದು ಗೊತ್ತಿದ್ದೇ ಅವರು ಇಲ್ಲಿಗೆ ಬಂದಿದ್ದಾರೆ. ದರ ಏರಿಸಿ ಅಂತ ನಾವು ಕೇಳುತ್ತಿಲ್ಲ. ತೋರಿಸಿ ಅನ್ನುತ್ತಿದ್ದೇವೆ.

ನನ್ನ ಪಾಲಿನ ಕೆಲಸ ಶುರು ಮಾಡಿದ್ದೇನೆ. "ಓದಿಸಿ ಕೇಳಿ, ತಿಳಿದು" ಅನ್ನುವ ಸಾಲನ್ನು ಈಗ ಕೇಳಿದ ತಕ್ಷಣ ಹೊಡೆಯುವುದಿಲ್ಲ. ಮೊದಲು ತಿಂಗಳ ಪಟ್ಟಿ ಹಾಕಿ ತೋರಿಸುತ್ತೇನೆ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಕೆಲವರು ಬೈದುಕೊಂಡು ಪಕ್ಕದ ಅಂಗಡಿಗೆ ಹೋಗಿದ್ದಾರೆ. ಹೋದ ವಾರ ಒಬ್ಬ ಅಜ್ಜ ಲಾವಣಿ ಕರಾರಿಗೆ ಬಂದವರು ಪಟ್ಟಿ ನೋಡಿ, ಖಾಲಿ ಮನೆಯ ಮೇಲೆ ಬೆರಳಿಟ್ಟು, "ಇದನ್ನ ತುಂಬಿಸ್ಕೊಂಡು ಬರ್ತೀನಿ ತಡಿ" ಅಂತ ಎದ್ದು ಹೋದರು. ಎರಡು ದಿನ ಬಿಟ್ಟು ಮಾಲೀಕನನ್ನೇ ಕರೆದುಕೊಂಡು ಬಂದರು.

ಕಾಕಾನ ಹಾಳೆಗಳು ಅಂಗಡಿಯ ಗೋಡೆಯ ಮೇಲಿವೆ, ತಾಟಿನ ವೃತ್ತದ್ದೂ ಸೇರಿ. ಕಂಪನಿಯ ಹೆಸರು ಅಳಿಸಿದ್ದೇನೆ. ನೀವು ಹೇಳಿದರೆ ಹಾವೇರಿಗೆ ತಂದು ತೋರಿಸುತ್ತೇನೆ. ಸೋಮವಾರ ಒಂದು ಬಿಡಿ, ಅವತ್ತು ಕೋರ್ಟಿನ ಗದ್ದಲ ಜಾಸ್ತಿ.

ಇಂತಿ,
ರಾಣೆಬೆನ್ನೂರಿನ ಒಬ್ಬ ಡಿಟಿಪಿ ಅಂಗಡಿಯವನು